ಆರ್ಕ್ಟಿಕ್ ಮಂಕೀಸ್: ಮೊದಲು ‘ಎಎಂ’ ಕೇಳಬೇಕೋ, ‘ದಿ ಕಾರ್’ ಕೇಳಬೇಕೋ?

ಇಂಗ್ಲೆಂಡಿನ ಶೆಫೀಲ್ಡಿನ ಈ ರಾಕ್ ತಂಡದ ನಾಲ್ವರಿಗೆ ಎಂದೋ ಮನಸೋತವನು ನಾನು. ತಕ್ಕಡಿ ಸ್ವಲ್ಪ ವಾಲಿದರೆ ಮನ್ನಿಸಿ.

2013ರ ಆಲ್ಬಮ್ ‘ಎಎಂ’ ಮೊದಲ ಸಲಕ್ಕೇ ಹಿಡಿಸುತ್ತದೆ. ಮತ್ತೆ ಮತ್ತೆ ಮರಳುವ ಭಾರವಾದ ಗಿಟಾರ್ ತುಣುಕು (ರಿಫ್), ಅದರಡಿ ಹಿಪ್‌ಹಾಪ್ ನಡೆಯ ಡ್ರಮ್ಸ್, ಮೇಲೆ ತೆಳ್ಳನೆಯ ತಾರಸ್ವರದ ಹಿಮ್ಮೇಳ. ತಲೆ ತಾನಾಗಿ ಆಡುತ್ತದೆ.

2022ರ ‘ದಿ ಕಾರ್’ ಹಾಗಲ್ಲ. 10 ಹಾಡು, ಸುಮಾರು 37 ನಿಮಿಷ, ಆದರೂ ಎಲ್ಲೂ ಅವಸರವಿಲ್ಲ. ಗಿಟಾರ್ ಹಿಂದೆ ಸರಿದು ಪಿಟೀಲು, ಚೆಲೋಗಳ ವೃಂದಕ್ಕೆ ಜಾಗ ಬಿಟ್ಟಿದೆ. ಗಾಯಕ ಅಲೆಕ್ಸ್ ಟರ್ನರ್ ಸಾಲುಗಳನ್ನು ಎಳೆದೆಳೆದು, ತನಗೆ ತಾನೇ ಹೇಳಿಕೊಂಡಂತೆ ಹಾಡುತ್ತಾರೆ. ಮೊದಲ ಸಲ ನನಗೂ ಆಕಳಿಕೆ ಬಂತು, ಸುಳ್ಳೇಕೆ? ನಾಲ್ಕನೆಯ ಸಲ ದೀಪ ಆರಿಸಿ, ಹೆಡ್‌ಫೋನ್ ಹಾಕಿ ಕೂತೆ. ತಂತಿವಾದ್ಯಗಳ ನಡುವೆ ಗಿಟಾರ್ ಥಟ್ಟನೆ ತಲೆಯೆತ್ತಿದಾಗ ಮೈ ಜುಮ್ಮೆಂದಿತು. ಅಂದಿನಿಂದ ‘ಎಎಂ’ ಕೈಗೆತ್ತಿಕೊಳ್ಳುವುದು ಕಡಿಮೆಯಾಗಿದೆ.

ಎರಡರ ನಿರ್ಮಾಣದಲ್ಲೂ ಜೇಮ್ಸ್ ಫೋರ್ಡ್ ಕೈಯಿದೆ ಎಂದರೆ ನಂಬುವುದು ಕಷ್ಟ.

ಓಡುವಾಗ, ಗೆಳೆಯರು ಸೇರಿದಾಗ ‘ಎಎಂ’ ಹಾಕಿ. ಒಬ್ಬರೇ ಕೂತು ಕೇಳುವ ತಾಳ್ಮೆಯಿದ್ದರೆ ‘ದಿ ಕಾರ್’. ಅದು ರುಚಿಸದಿದ್ದರೆ, ಇವೆರಡರ ನಡುವೆ 2018ರಲ್ಲಿ ಬಂದ ಆಲ್ಬಮ್ಮನ್ನು ಸದ್ಯಕ್ಕೆ ಮುಟ್ಟಲೇಬೇಡಿ.