ಕನೆಕ್ಟಿಂಗ್ ಫ್ಲೈಟ್ ಬುಕ್ ಮಾಡುವ ಮುಂಚೆ ಪಿಎನ್‌ಆರ್ ಒಂದೇ ಇದೆಯಾ ನೋಡಿ

ಅಪ್ಪ ಅಮ್ಮನನ್ನು ವಿದೇಶಕ್ಕೆ ಕರೆಸಿಕೊಳ್ಳುವವರು ದಯವಿಟ್ಟು ಇದನ್ನು ಓದಿ. ಬುಕಿಂಗ್ ವೆಬ್‌ಸೈಟಿನಲ್ಲಿ ಎರಡು ವಿಮಾನ ಒಂದೇ ಪುಟದಲ್ಲಿ ಕಾಣಿಸುತ್ತವೆ. ದುಡ್ಡು ಒಂದೇ ಸಲ ಕಟ್ಟುತ್ತೀರಿ, ಮೇಲ್ ಕೂಡ ಒಂದೇ ಬರುತ್ತದೆ. ಆದರೂ ಅವು ಎರಡು ಬೇರೆ ಬೇರೆ ಟಿಕೆಟ್ ಆಗಿರಬಹುದು, ಅಂದರೆ ಪಿಎನ್‌ಆರ್ (ಏರ್‌ಲೈನ್ ಕೊಡುವ ಬುಕಿಂಗ್ ಕೋಡ್) ಬೇರೆ ಬೇರೆ ಇರಬಹುದು. ಹಾಗಿದ್ದು, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿತು ಅನ್ನಿ, ಕೇಳುವವರೇ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಅಮ್ಮನಿಗೆ ಆಗಿದ್ದು ಇದೇ.

ಅಕ್ಕ ಇರುವುದು ಲಂಡನ್‌ನಲ್ಲಿ. ಬಾಣಂತನಕ್ಕೆಂದು ಅಮ್ಮ ಹೊರಟಿದ್ದರು. ಮಂಗಳೂರಿನಿಂದ ಮುಂಬೈ, ಅಲ್ಲಿಂದ ಲಂಡನ್. ಭಾವ ಒಂದು ಟ್ರಾವೆಲ್ ವೆಬ್‌ಸೈಟಿನಲ್ಲಿ ಬುಕ್ ಮಾಡಿ ಕಳಿಸಿದ್ದರು. ಮಧ್ಯೆ ನಾಲ್ಕು ಗಂಟೆಯ ಗ್ಯಾಪ್ ಇತ್ತು. ನನಗೂ ಕೆಲಸದ ಮೇಲೆ ಮುಂಬೈಗೆ ಹೋಗಿಬರುವುದು ಇದ್ದೇ ಇರುತ್ತದೆ, ಹಾಗಾಗಿ ಅಲ್ಲಿಯವರೆಗೆ ಜೊತೆಗೆ ಹೊರಟೆ. ಇಲ್ಲದಿದ್ದರೆ ಅಮ್ಮ ಒಬ್ಬರೇ ಇದನ್ನೆಲ್ಲ ಅನುಭವಿಸಬೇಕಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಮೊದಲ ಸುಳಿವು ಸಿಕ್ಕಿದ್ದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲೇ. ಅಮ್ಮನ ಹತ್ತಿರ ಎರಡು ಬ್ಯಾಗ್, ತಲಾ 23 ಕೆಜಿ. ಲಂಡನ್ ಟಿಕೆಟ್‌ನಲ್ಲಿ ಅಷ್ಟಕ್ಕೆ ಅವಕಾಶವಿತ್ತು. ಕೌಂಟರಿನ ಹುಡುಗಿ ತೂಕ ನೋಡಿ, 'ನಿಮಗೆ 15 ಕೆಜಿ ಮಾತ್ರ, ಉಳಿದಿದ್ದಕ್ಕೆ ದುಡ್ಡು ಕಟ್ಟಬೇಕು' ಎಂದಳು. ಲಂಡನ್‌ಗೆ ಹೋಗುವವರು ಎಂದರೆ, 'ನಮ್ಮ ಸಿಸ್ಟಂನಲ್ಲಿ ಮುಂಬೈವರೆಗೆ ಮಾತ್ರ ಇದೆ' ಎಂದಳು. ಬ್ಯಾಗಿಗೆ ಕಟ್ಟಿದ ಟ್ಯಾಗ್ ನೋಡಿದೆ. ದೊಡ್ಡ ಅಕ್ಷರದಲ್ಲಿ ಬಿಒಎಂ ಅಂತ ಮಾತ್ರ ಇತ್ತು. ಅದು ಮುಂಬೈಯ ಕೋಡ್. ಒಂದೇ ಟಿಕೆಟ್ ಆಗಿದ್ದರೆ ಅಲ್ಲಿ ಲಂಡನ್ ಹೀಥ್ರೂವಿನ ಎಲ್‌ಎಚ್‌ಆರ್ ಇರಬೇಕಿತ್ತು. ಒಂದೇ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ವಿದೇಶ ಪ್ರಯಾಣದ ತೂಕದ ಲೆಕ್ಕವೇ ಊರಿನಿಂದ ಶುರುವಾಗುತ್ತದೆ. ಬಾಣಂತನದ ಸಾಮಾನು, ಕಷಾಯದ ಪುಡಿ, ಮಗುವಿನ ಬಟ್ಟೆ ಎಲ್ಲ ತುಂಬಿದ ಬ್ಯಾಗು, ಬಿಟ್ಟು ಹೋಗುವ ಹಾಗಿರಲಿಲ್ಲ. ಕಟ್ಟಿದೆವು.

ಆಮೇಲೆ ಮಳೆ. ಮಂಗಳೂರಿನದು ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಜುಲೈನಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಇಳಿಸುವುದಿಲ್ಲ, ಇಳಿಸಲೂಬಾರದು. ನಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನ ಮೇಲೆ ಸುತ್ತು ಹೊಡೆದು ಬೆಂಗಳೂರಿಗೆ ಹೋಯಿತು. ಅದು ವಾಪಸ್ ಬಂದು ನಾವು ಹೊರಡುವಷ್ಟರಲ್ಲಿ ಆ ನಾಲ್ಕು ಗಂಟೆ ಗ್ಯಾಪ್‌ನ ಮುಕ್ಕಾಲು ಪಾಲು ಕರಗಿತ್ತು. ಇದರಲ್ಲಿ ನಾನು ಯಾರನ್ನೂ ದೂರುವುದಿಲ್ಲ. (ಹಾಗಂತ ಸುಮ್ನೆ ಹಸಿದು ಕೂರಬೇಡಿ. ಎರಡೂವರೆ ಗಂಟೆಯೊಳಗಿನ ಹಾರಾಟ 2 ಗಂಟೆಗಿಂತ ಜಾಸ್ತಿ ತಡವಾದರೆ ಸಾಮಾನ್ಯವಾಗಿ ತಿಂಡಿ ಕೊಡಬೇಕು ಅಂತ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮವೇ ಇದೆ. ಕೇಳಿ.)

ಮುಂಬೈಯಲ್ಲಿ ನಾವು ಇಳಿದದ್ದು ಟರ್ಮಿನಲ್ 1ರಲ್ಲಿ. ಲಂಡನ್ ವಿಮಾನ ಹೊರಡುವುದು ಟರ್ಮಿನಲ್ 2ರಿಂದ. ಗೊತ್ತಿಲ್ಲದವರು ಒಳಗಿಂದೊಳಗೇ ನಡೆದು ಹೋಗಬಹುದು ಅಂದುಕೊಳ್ಳುತ್ತಾರೆ. ಇಲ್ಲ, ಹೊರಗೆ ಬಂದು, ಕೆಲವು ಕಿಲೋಮೀಟರ್ ರಸ್ತೆಯಲ್ಲೇ ಹೋಗಬೇಕು. ಮೊದಲು ಬೆಲ್ಟ್ ಹತ್ತಿರ ಬ್ಯಾಗಿಗೆ ಕಾಯಬೇಕು. ಅಮ್ಮನಿಗೆ ಮಂಡಿನೋವು. ವೀಲ್‌ಚೇರ್ ತಳ್ಳುತ್ತಿದ್ದ ಹುಡುಗ ಹೊರಬಾಗಿಲಿನಲ್ಲಿ ಬಿಟ್ಟು ಹೋದ. ಅವನ ಕೆಲಸ ಅಲ್ಲಿಗೆ ಮುಗಿಯಿತು, ಪಾಪ. ಟಿಕೆಟ್ ಬೇರೆಯಾದರೆ ವೀಲ್‌ಚೇರನ್ನೂ ಎರಡೂ ಕಡೆ ಬೇರೆ ಬೇರೆ ಕೇಳಿರಬೇಕು, ಅದೂ 48 ಗಂಟೆ ಮುಂಚೆ.

ಟ್ಯಾಕ್ಸಿಯಲ್ಲಿ, ಮಳೆಯ ಟ್ರಾಫಿಕ್‌ನಲ್ಲಿ ಟಿ2 ಬಾಗಿಲಿಗೆ ಬಂದರೆ, ಭದ್ರತೆಗಿರುವ ಸಿಐಎಸ್‌ಎಫ್‌ನವರು ನನ್ನನ್ನು ಒಳಗೆ ಬಿಡಲಿಲ್ಲ. ನನ್ನ ಹತ್ತಿರ ಆ ವಿಮಾನದ ಟಿಕೆಟ್ ಇರಲಿಲ್ಲವಲ್ಲ. ಅಮ್ಮ ಎರಡು ಬ್ಯಾಗ್ ಹೇರಿದ ಟ್ರಾಲಿ ತಳ್ಳಿಕೊಂಡು ಒಬ್ಬರೇ ಒಳಗೆ ಹೋದರು. ಹತ್ತು ನಿಮಿಷಕ್ಕೆ ಫೋನ್ ಬಂತು. ಕೌಂಟರ್ ಮುಚ್ಚಿತ್ತು. ವಿದೇಶದ ವಿಮಾನಗಳಿಗೆ ಹೊರಡುವ 60 ನಿಮಿಷ ಮುಂಚೆ, ಕೆಲವಕ್ಕೆ 75 ನಿಮಿಷ ಮುಂಚೆಯೇ ಚೆಕ್-ಇನ್ ಮುಗಿಯುತ್ತದೆ. ವಿಮಾನ ಇನ್ನೂ ಅಲ್ಲೇ ನಿಂತಿರುತ್ತದೆ, ಆದರೂ ಹತ್ತಿಸಿಕೊಳ್ಳುವುದಿಲ್ಲ.

ಮೊದಲ ವಿಮಾನದವರು, ನಿಮ್ಮನ್ನು ಮುಂಬೈಗೆ ತಲುಪಿಸಿದ್ದೇವೆ ಎಂದರು. ಎರಡನೆಯವರು, ನೀವು ತಡವಾಗಿ ಬಂದಿರಿ ಎಂದರು. ವೆಬ್‌ಸೈಟಿನವರು ಷರತ್ತಿನ ಯಾವುದೋ ಮೂಲೆಯ ಸಾಲು ತೋರಿಸಿದರು, 'ಸೆಲ್ಫ್ ಟ್ರಾನ್ಸ್‌ಫರ್' ಅಂತೆ. ಪ್ರತಿಯೊಬ್ಬರೂ ನಿಯಮದ ಪ್ರಕಾರ ಸರಿ. ನನಗೆ ಸಿಟ್ಟು ಬರುವುದು ವೆಬ್‌ಸೈಟಿನ ಮೇಲೆ. ವಯಸ್ಸಾದವರು ಬ್ಯಾಗ್ ಎತ್ತಿಕೊಂಡು, ಟರ್ಮಿನಲ್ ಬದಲಿಸಿ, ಮತ್ತೆ ಚೆಕ್-ಇನ್ ಮಾಡಬೇಕು ಅನ್ನುವ ವಿಷಯ ದರದ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಇರಬೇಕು, ಅಲ್ವಾ?

ಒಂದು ಕೆಲಸ ಮಾತ್ರ ಸಮಯಕ್ಕೆ ಆಯಿತು. ನಾವು ಟ್ಯಾಕ್ಸಿಯಲ್ಲಿದ್ದಾಗಲೇ ಅಕ್ಕ ಅಲ್ಲಿಂದ ಏರ್‌ಲೈನ್‌ಗೆ ಫೋನ್ ಮಾಡಿ, ತಲುಪುವುದು ಅನುಮಾನ, ತಪ್ಪಿದರೆ ನಾಳೆಗೆ ಬದಲಿಸಿ ಎಂದು ಹಿಡಿದಿದ್ದಳು. ವಿಮಾನ ಹೊರಡುವ ಮುಂಚೆ ಬದಲಾವಣೆ ಆಯಿತು. ಅದಕ್ಕೆ ಕಟ್ಟಿದ ದುಡ್ಡು ಮಂಗಳೂರು–ಮುಂಬೈ ಟಿಕೆಟ್‌ನ ಹಲವು ಪಟ್ಟು. ಆದರೆ ಫೋನ್ ಮಾಡದೆ ಬಿಟ್ಟಿದ್ದರೆ 'ನೋ-ಶೋ' ಆಗಿ ವಾಪಸ್ ಬರುವ ಟಿಕೆಟ್ ಕೂಡ ರದ್ದಾಗುತ್ತಿತ್ತು. ಹೋಗುವ ವಿಮಾನ ಹತ್ತದಿದ್ದರೆ ಅದೇ ಟಿಕೆಟ್‌ನ ಮುಂದಿನ ಪ್ರಯಾಣಗಳನ್ನೂ ತೆಗೆದುಹಾಕುವುದು ಹೆಚ್ಚಿನ ಏರ್‌ಲೈನ್‌ಗಳ ಪದ್ಧತಿ. ತಪ್ಪುತ್ತದೆ ಅನ್ನಿಸಿದ ತಕ್ಷಣ ಫೋನ್ ಮಾಡಿ, ಕೌಂಟರ್ ತಲುಪುವವರೆಗೆ ಕಾಯಬೇಡಿ.

ಈಗ ನಾನು ಯಾರೇ ಟಿಕೆಟ್ ಕಳಿಸಿದರೂ ಮೊದಲು ನೋಡುವುದು ಪಿಎನ್‌ಆರ್. ವೆಬ್‌ಸೈಟಿನ ಬುಕಿಂಗ್ ಐಡಿ ಅಲ್ಲ, ಏರ್‌ಲೈನ್‌ನ ಆರಕ್ಷರದ ಪಿಎನ್‌ಆರ್. ಅದನ್ನು ಏರ್‌ಲೈನ್‌ನ ಸ್ವಂತ ಸೈಟಿನಲ್ಲಿ ಹಾಕಿದರೆ ಎರಡೂ ವಿಮಾನ ಕಾಣಿಸಬೇಕು. ಜೊತೆಗೆ 13 ಅಂಕಿಯ ಇ-ಟಿಕೆಟ್ ನಂಬರ್ ಇರುತ್ತದೆ, ಅದೂ ಎರಡಕ್ಕೂ ಒಂದೇ ಇರಬೇಕು. ಒಂದೇ ಟಿಕೆಟ್ ಆಗಿದ್ದರೆ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ, ಇನ್ನೊಂದರಲ್ಲಿ ಕಳಿಸುವ ಹೊಣೆ ಏರ್‌ಲೈನ್‌ನದ್ದು. ಏರ್‌ಲೈನ್ ಎರಡಾದರೂ ಟಿಕೆಟ್ ಒಂದೇ ಇರಬಹುದು, ಏರ್‌ಲೈನ್ ಒಂದೇ ಆದರೂ ಟಿಕೆಟ್ ಎರಡಾಗಿರಬಹುದು. ಹಾಗಾಗಿ ಹೆಸರು ನೋಡಿ ನಂಬಬೇಡಿ.

ಎರಡು ಟಿಕೆಟ್ ಮಾಡದೆ ಬೇರೆ ದಾರಿಯೇ ಇಲ್ಲದಿದ್ದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಲಿ. ಮಳೆಗಾಲದಲ್ಲಿ ಮಂಗಳೂರಿನಿಂದ, ಡಿಸೆಂಬರ್–ಜನವರಿಯ ಮಂಜಿನಲ್ಲಿ ದೆಹಲಿ ಮೇಲೆ ಹೋಗುವವರಂತೂ ಖಂಡಿತ. ಯುರೋಪಿನಲ್ಲಿ ಹೀಗೆ ಟಿಕೆಟ್ ಬದಲಾಗುವುದಿದ್ದರೆ ಇನ್ನೂ ಕಷ್ಟ. ಬ್ಯಾಗ್ ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಬೇಕು, ಅದಕ್ಕೆ ಹೆಚ್ಚಿನ ಕಡೆ ಶೆಂಗೆನ್ ವೀಸಾ (ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ವೀಸಾ) ಬೇಕು. ಅದಿಲ್ಲದಿದ್ದರೆ ಬೆಂಗಳೂರಿನಲ್ಲೇ ವಿಮಾನ ಹತ್ತಿಸದೆ ಇರಬಹುದು.

ಈಗಾಗಲೇ ವಿಮಾನ ತಪ್ಪಿ ನೋ-ಶೋ ಆಗಿದ್ದರೂ ಪೂರ್ತಿ ಕೈಬಿಡಬೇಡಿ. ರಿಫಂಡ್ ಇಲ್ಲದ ಟಿಕೆಟ್ ಆದರೂ ಸರ್ಕಾರಿ ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕವನ್ನು ಹಿಂತಿರುಗಿಸಬೇಕು ಅಂತ ಡಿಜಿಸಿಎ ಹೇಳಿದೆ. ಕೇಳದಿದ್ದರೆ ಸಿಗುವುದು ಕಷ್ಟ. ಏರ್‌ಲೈನ್‌ಗೆ ಮೇಲ್ ಬರೆಯಿರಿ. ಉತ್ತರ ಬರದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಹಾಕಿ, ಬೋರ್ಡಿಂಗ್ ಪಾಸ್ ಮತ್ತು ಬ್ಯಾಗಿನ ಟ್ಯಾಗ್‌ನ ಫೋಟೋ ಜೊತೆಗಿರಲಿ.