ಅಪರೂಪದ ವಿದೇಶಿ ಚಲನಚಿತ್ರ ಕೊಡಿಸುತ್ತೇವೆಂದು ಗ್ರಂಥಾಲಯಗಳಿಗೆ ಕರೆ ಮಾಡುವವರ ಬಗ್ಗೆ ಎಚ್ಚರ

ಚಿಕ್ಕಮಗಳೂರಿನಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ಪುಟ್ಟ ಗ್ರಂಥಾಲಯದ 18,500 ರೂಪಾಯಿ ನನ್ನ ಕೈಯಿಂದಲೇ ಹೋಗಿದೆ. ಹಣ ಹೋದದ್ದು ಒಂದು ನೋವಾದರೆ, ಸದಸ್ಯರೆದುರು ತಲೆ ತಗ್ಗಿಸಿ ನಿಂತ ಆ ಸಂಜೆಯ ನೋವು ಬೇರೆಯೇ. ಇದನ್ನು ಯಾರಿಗೂ ಹೇಳಬಾರದೆಂದುಕೊಂಡಿದ್ದೆ. ಆದರೆ ಹಳೆಯ ವಿದೇಶಿ ಚಿತ್ರಗಳ ಡಿಸ್ಕು ಕೊಡುತ್ತೇನೆಂದು ಆ ಹಣ ಪಡೆದ ವ್ಯಕ್ತಿ ಈಗ ಹಾಸನದ ಕಡೆಯ ಗ್ರಂಥಾಲಯಗಳಿಗೂ ಕರೆ ಮಾಡುತ್ತಿದ್ದಾನೆಂದು ಮೊನ್ನೆ ತಿಳಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ.

ನಮ್ಮ ಸದಸ್ಯರು ಬಹುದಿನಗಳಿಂದ ಕೇಳುತ್ತಿದ್ದ ಐದು ಹಳೆಯ ಯುರೋಪಿಯನ್ ಚಿತ್ರಗಳಿದ್ದವು. ಅವುಗಳಲ್ಲಿ ಮುಖ್ಯವಾದದ್ದು 1970ರ ದಶಕದ ಒಂದು ಹಂಗೇರಿಯನ್ ಚಿತ್ರ. ಎಲ್ಲಿಯೂ ಡಿವಿಡಿ ಮಾರಾಟಕ್ಕಿರಲಿಲ್ಲ, ಮೊಬೈಲಿನ ಯಾವ ಚಂದಾ ಸೇವೆಯಲ್ಲೂ ಸಿಗಲಿಲ್ಲ. ಇಂಥ ಚಿತ್ರಗಳನ್ನು ಗ್ರಂಥಾಲಯಗಳಿಗೆ ಕಾನೂನುಬದ್ಧವಾಗಿಯೇ ಒದಗಿಸುತ್ತೇನೆಂದು ಆತ ಹೇಳಿದಾಗ ನಾನು ನಂಬಿದೆ. ಪುಸ್ತಕ ಕೊಡುವವರು ಪುಸ್ತಕ ತಲುಪಿಸಿ, ಬಿಲ್ಲು ಕಳಿಸಿ, ನಮ್ಮ ಸಮಿತಿ ಮಂಜೂರು ಮಾಡುವವರೆಗೆ ಕಾಯುತ್ತಾರೆ; ಈತ ಪೂರ್ತಿ ಹಣ ಮುಂಗಡವಾಗಿ, ಅದೂ ಸ್ವಂತ ಖಾತೆಗೆ ಬೇಕೆಂದ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಹಕ್ಕುದಾರರ ಅನುಮತಿ ಪತ್ರ ಕೊಡಿ ಎಂದು ನಾನು ಕೇಳಿಯೇ ಇದ್ದೆ. ಅದಕ್ಕೆ ಆತನ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: "ಸಾರ್, ಮಾರುಕಟ್ಟೆಯಲ್ಲೇ ಇಲ್ಲದ ಸಿನಿಮಾಕ್ಕೆ ಮಾಲೀಕರು ಎಲ್ಲಿರುತ್ತಾರೆ? ಲೈಬ್ರರಿಯವರು ಮೂರು ಪ್ರತಿ ಮಾಡಿಕೊಳ್ಳಬಹುದು ಅಂತ ಕಾನೂನಿನಲ್ಲೇ ಇದೆ." ಕಾನೂನಿನ ಮಾತು ಬಂದ ತಕ್ಷಣ ನಾನು ಸುಮ್ಮನಾದೆ. ನಂತರ ಓದಿ ನೋಡಿದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ ಸೆಕ್ಷನ್ 52ರಲ್ಲಿ ಮೂರು ಪ್ರತಿಗಳ ಮಾತು ಇರುವುದು ನಿಜ, ಆದರೆ ಅದು ಭಾರತದಲ್ಲಿ ಕೊಳ್ಳಲು ಸಿಗದ ಪುಸ್ತಕಗಳಿಗೆ ಮಾತ್ರ. ಪುಸ್ತಕವೆಂದರೆ ಕಿರುಹೊತ್ತಿಗೆ, ನಕ್ಷೆ, ಸಂಗೀತದ ಹಾಳೆಗಳೂ ಸೇರುತ್ತವೆ, ಚಲನಚಿತ್ರ ಸೇರುವುದಿಲ್ಲ. ಚಿತ್ರದ ಹಕ್ಕು ಅದು ಪ್ರಕಟವಾದ ನಂತರ 60 ವರ್ಷ ಇರುತ್ತದೆ. ಮಾರಾಟ ನಿಂತಿತೆಂದ ಮಾತ್ರಕ್ಕೆ ಹಕ್ಕು ಸತ್ತುಹೋಗುವುದಿಲ್ಲ. ಇಷ್ಟನ್ನು ಓದಲು ನನಗೆ ಅರ್ಧ ಗಂಟೆ ಸಾಕಾಯಿತು. ಆ ಅರ್ಧ ಗಂಟೆಯನ್ನು ಹಣ ಕಳಿಸುವ ಮೊದಲು ಕೊಡಲಿಲ್ಲವೆಂಬ ಸಂಕಟ ನನ್ನನ್ನು ಬಿಡುತ್ತಿಲ್ಲ.

ಡಿಸ್ಕುಗಳು ಬಂದ ಶನಿವಾರವೇ ನಲವತ್ತು ಕುರ್ಚಿ ಹಾಕಿಸಿದ್ದೆವು. ಅಪರೂಪದ ಚಿತ್ರವನ್ನು ಸರಿಯಾದ ದಾರಿಯಲ್ಲಿ ತರಿಸಿದ್ದೇವೆಂದು ನಾನೇ ಎದ್ದು ನಿಂತು ಹೇಳಿದೆ. ಚಿತ್ರ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಪರದೆಯ ಬಲ ಮೂಲೆಯಲ್ಲಿ ಯಾವುದೋ ವಿದೇಶಿ ಟಿವಿ ವಾಹಿನಿಯ ಚಿಹ್ನೆ ಕಾಣಿಸಿತು. ಟಿವಿಯಲ್ಲಿ ಬಂದದ್ದನ್ನು ಹಿಡಿದಿಟ್ಟು ನಕಲು ಮಾಡಿದ ಪ್ರತಿ ಅದು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರು ತಿರುಗಿ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ನಾನೇ ಹೋಗಿ ನಿಲ್ಲಿಸಿದೆ. ಡಿಸ್ಕನ್ನು ಹೊರತೆಗೆದು ಮಗುಚಿದರೆ ಅಡಿಭಾಗ ನೇರಳೆ ಬಣ್ಣ, ಅಂದರೆ ಮನೆಯ ಕಂಪ್ಯೂಟರಿನಲ್ಲೂ ಬರೆಯಬಹುದಾದ ಡಿಸ್ಕು. ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕಾಗಿದ್ದರೆ ಸಾಮಾನ್ಯವಾಗಿ ಬೆಳ್ಳಿ ಬಣ್ಣವಿರುತ್ತದೆ. ಡಬ್ಬಿಯ ಮೇಲೆ ಹಕ್ಕುದಾರರ ಹೆಸರಿಲ್ಲ, ವಿಳಾಸವಿಲ್ಲ, ಸೆನ್ಸಾರ್ ಪ್ರಮಾಣಪತ್ರದ ಪ್ರತಿಯಿಲ್ಲ. ಐದೂ ಹಾಗೆಯೇ ಇದ್ದವು.

ಆ ರಾತ್ರಿಯೇ ಫೋನ್ ಮಾಡಿದೆ. "ನೀವು ಸಿನಿಮಾ ಕೇಳಿದಿರಿ, ಸಿನಿಮಾ ಕೊಟ್ಟಿದ್ದೇನೆ" ಎಂದ. ಬಿಲ್ಲನ್ನಾದರೂ ಸರಿಯಾಗಿ ಕೊಡಿ ಎಂದರೆ "ಸೇವಾ ಶುಲ್ಕ" ಎಂಬ ಎರಡೇ ಪದಗಳ ಚೀಟಿ ಬಂತು. ಮರುದಿನ ದೂರು ಕೊಡುತ್ತೇನೆಂದಾಗ ಬಂದ ಉತ್ತರವನ್ನು ನಾನು ಮರೆಯಲಾರೆ: "ಕೊಡಿ ಸಾರ್. ನಕಲಿ ಡಿಸ್ಕು ಇರುವುದು ನಿಮ್ಮ ಕಪಾಟಿನಲ್ಲಿ, ಜನ ಕರೆದು ತೋರಿಸಿದ್ದೂ ನೀವೇ." ನಮ್ಮ ಹಣ ತಿಂದು ನಮ್ಮನ್ನೇ ಹೆದರಿಸಿದ.

ನೀವು ಮಾಡಬೇಕಾದದ್ದು ಇಷ್ಟೆ. ಅಚ್ಚಾದ ಮೂಲ ಡಿಸ್ಕು ಹಳೆಯದಾದರೂ ಸರಿ, ಅದನ್ನೇ ಕೊಳ್ಳಿ. ನ್ಯಾಯವಾಗಿ ಪಡೆದ ಪ್ರತಿಯನ್ನು ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಎರವಲು ಕೊಡುವುದಕ್ಕೆ ನಮ್ಮ ಕಾಯ್ದೆಯಲ್ಲಿ ಅಡ್ಡಿಯಿಲ್ಲ. ಡಿವಿಡಿಗಳಿಗೆ ಆಯಾ ಪ್ರದೇಶದ ಪ್ಲೇಯರಿನಲ್ಲಷ್ಟೇ ಓಡುವಂತೆ ವಲಯ ಸಂಖ್ಯೆ ಇರುತ್ತದೆ; ಭಾರತದ ವಲಯ 5, ಯುರೋಪಿನ ಹೆಚ್ಚಿನ ದೇಶಗಳದ್ದು 2, ಆದ್ದರಿಂದ ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಬೇಕಾಗುತ್ತದೆ. ಎರವಲು ಕೊಡುವುದು ಬೇರೆ, ಜನರನ್ನು ಸೇರಿಸಿ ತೋರಿಸುವುದು ಬೇರೆ. ಪ್ರದರ್ಶನಕ್ಕೆ ಹಕ್ಕುದಾರರಿಂದ ಪ್ರತ್ಯೇಕವಾಗಿ, ಬರಹದಲ್ಲೇ ಅನುಮತಿ ಪಡೆಯಿರಿ. ಜರ್ಮನ್ ಚಿತ್ರಗಳಿಗೆ ಬೆಂಗಳೂರಿನ ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನವನ್ನು, ಫ್ರೆಂಚ್ ಚಿತ್ರಗಳಿಗೆ ಅಲ್ಲಿನ ಫ್ರೆಂಚ್ ಸಾಂಸ್ಕೃತಿಕ ಕೇಂದ್ರವಾದ ಅಲಿಯಾನ್ಸ್ ಫ್ರಾನ್ಸೇಸನ್ನು ಮೊದಲು ವಿಚಾರಿಸಿ. ಪತ್ರ ತೋರಿಸದವನಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ, ಎಷ್ಟೇ ಸೌಜನ್ಯದಿಂದ ಮಾತಾಡಲಿ, ಕೊಡಬೇಡಿ.

ಆ ಐದು ಡಿಸ್ಕುಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ಸಮಿತಿಯ ಮೂವರ ಸಹಿಯೊಂದಿಗೆ ಬೀರುವಿನಲ್ಲಿಟ್ಟಿದ್ದೇವೆ. ಹಂಗೇರಿಯ ಸರ್ಕಾರಿ ಸ್ಟುಡಿಯೋಗಳ ಕಾಲದ ಹಲವು ಚಿತ್ರಗಳ ಹಕ್ಕನ್ನು ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಸಂಸ್ಥೆ ನೋಡಿಕೊಳ್ಳುತ್ತದೆಂದು ತಿಳಿದು, ಮೊದಲೇ ಬರೆಯಬೇಕಾಗಿದ್ದ ಪತ್ರವನ್ನು ಕಳೆದ ವಾರ ಬುಡಾಪೆಸ್ಟಿಗೆ ಕಳಿಸಿದ್ದೇನೆ.