ಅಪ್ಪನ 416 ಪುಟಗಳು: ಲಿಬ್ರೆಆಫೀಸ್, ಸ್ಕ್ರೈಬಸ್, ಲೇಟೆಕ್

ಕೀಲಿ ಒತ್ತಿದ ಮೇಲೆ ಅಕ್ಷರ ತೆರೆಯಲ್ಲಿ ಮೂಡಲು ನಾಲ್ಕು ಸೆಕೆಂಡು ಬೇಕಾಗುತ್ತಿತ್ತು. ಅಪ್ಪನ ಪುಸ್ತಕದ 290ನೆಯ ಪುಟದಲ್ಲಿ ಅಡಿಟಿಪ್ಪಣಿಯೊಂದನ್ನು ತಿದ್ದುವಾಗ ಗಡಿಯಾರ ನೋಡಿ ತೆಗೆದ ಲೆಕ್ಕ ಇದು. ‘ಶಾಸನ’ ಎಂದು ಒತ್ತಿ, ಕೈ ಕಟ್ಟಿ ಕುಳಿತು, ಅದು ಮೂಡಿದ ಮೇಲೆ ತಪ್ಪು ಕಂಡು, ಅಳಿಸಿ, ಮತ್ತೆ ಕಾಯುವುದು. ಅಂಥ ಅಡಿಟಿಪ್ಪಣಿಗಳು ಆ ಪುಸ್ತಕದಲ್ಲಿ ಆರುನೂರಕ್ಕೂ ಹೆಚ್ಚು.

ಅಪ್ಪ ಸಾಗರ ತಾಲ್ಲೂಕಿನ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿದವರು. ನಿವೃತ್ತಿಯ ನಂತರ ಊರೂರು ಸುತ್ತಿ ವೀರಗಲ್ಲು, ಮಾಸ್ತಿಕಲ್ಲು, ಕೆರೆ, ಕಾನುಗಳ ವಿವರ ಬರೆದಿಟ್ಟುಕೊಂಡರು. ಬರಹವನ್ನೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪು ಮಾಡಿಸಿದ್ದರು. ಪುಟ ಕಟ್ಟುವ ಹೊಣೆ ನನ್ನದಾಯಿತು. ‘ಪೇಜ್‌ಮೇಕರ್‌ನಲ್ಲಿ ಮಾಡಿಸಿ ಕೊಡಿ ಮೇಡಂ, ವಾರದಲ್ಲಿ ಮುಗಿಯುತ್ತದೆ’ ಎಂದರು ಮುದ್ರಣಾಲಯದವರು. ಅವರ ಮಾತು ಸುಳ್ಳಲ್ಲ. ಕನ್ನಡದ ಎಷ್ಟೋ ಪುಸ್ತಕಗಳು ಹಾಗೆಯೇ ಹೊರಬಂದಿವೆ. ಆದರೆ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ. ಅಂಥ ಪಿಡಿಎಫ್‌ನಲ್ಲಿ ‘ಕೆಳದಿ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ನಕಲು ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದು ಬೀಳುತ್ತದೆ. ದೂರದ ಊರಿನಲ್ಲಿರುವ ಹುಡುಗಿಯೊಬ್ಬಳು ತನ್ನ ಅಜ್ಜಿಯ ಹಳ್ಳಿಯ ಹೆಸರು ಹುಡುಕಿದರೆ ಅದು ಈ ಪುಸ್ತಕದಲ್ಲಿ ಸಿಗಬೇಕು ಎಂಬುದು ಅಪ್ಪನ ಆಸೆ. ಆದ್ದರಿಂದ ಕನ್ನಡದ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಟ್ಟಿರುವ ಯುನಿಕೋಡ್ ಬೇಕೇ ಬೇಕಿತ್ತು. ತಿಂಗಳು ತಿಂಗಳು ಹಣ ಕಟ್ಟುವ ವಿನ್ಯಾಸ ತಂತ್ರಾಂಶ ನಮ್ಮ ಕೈಗೆ ನಿಲುಕುವಂಥದ್ದಲ್ಲ. ಉಳಿದದ್ದು ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶ.

ಲಿಬ್ರೆಆಫೀಸ್, ಸ್ಕ್ರೈಬಸ್, ಲೇಟೆಕ್ ಈ ಮೂರನ್ನು ಒಂದೇ ಅಳತೆಗೋಲಿನಲ್ಲಿ ನೋಡಿದೆ. ಎಂಟು ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪ್, ಉಬುಂಟು ಕಾರ್ಯಾಚರಣೆ ವ್ಯವಸ್ಥೆ, ನೋಟೊ ಸೆರಿಫ್ ಕನ್ನಡ ಫಾಂಟು, ಅದೇ ಬರಹ, ಅದೇ 180 ಚಿತ್ರಗಳು. ಮೊದಲು ನಾಲ್ಕನೆಯ ಅಧ್ಯಾಯ, ಆಮೇಲೆ ಇಡೀ ಪುಸ್ತಕ. ಶುರು ಮಾಡುವ ಮೊದಲು ನುಡಿಯ ಬರಹವನ್ನು ಯುನಿಕೋಡಿಗೆ ತಂದೆ. ಅಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. 1801ರಲ್ಲಿ ಇಕ್ಕೇರಿ, ನಗರದ ದಾರಿಯಾಗಿ ಹೋದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್‌ನ ಹೆಸರು ಅಪ್ಪನ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಪರಿವರ್ತನೆಯ ನಂತರ ‘ಬುಕಾನನ್‌ನ’ ಎಂಬುದು ‘ಬುಕಾನನ್ನ’ ಆಗಿತ್ತು. ಎರಡು ಅಕ್ಷರಗಳನ್ನು ಬೇರೆಯಾಗಿ ಹಿಡಿದಿಡುವ, ಕಣ್ಣಿಗೆ ಕಾಣದ ಒಂದು ಗುರುತು ಯುನಿಕೋಡಿನಲ್ಲಿದೆ. ಪರಿವರ್ತಕವು ಅದನ್ನು ಸೇರಿಸದಿದ್ದರೆ ವ್ಯಂಜನಗಳು ಒತ್ತಕ್ಷರವಾಗಿ ಕೂಡಿಕೊಳ್ಳುತ್ತವೆ. ಇದನ್ನು ಸರಿಪಡಿಸಲು ನಾಲ್ಕು ಸಂಜೆಗಳು ಹೋದವು, ಆದರೆ ಈ ತಪ್ಪನ್ನು ಮುಂದಿನ ಮೂರು ತಂತ್ರಾಂಶಗಳ ಮೇಲೆ ಹೊರಿಸುವಂತಿಲ್ಲ.

ಲಿಬ್ರೆಆಫೀಸ್ ರೈಟರ್ ಎಲ್ಲರಿಗೂ ಪರಿಚಿತ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬೆಳೆದದ್ದು. ಕನ್ನಡದ ಒತ್ತಕ್ಷರಗಳನ್ನು ಜೋಡಿಸಲು ಹಾರ್ಫ್‌ಬಝ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ಒಳಗೊಳಗೇ ಬಳಸುತ್ತದೆ. ಇದರಲ್ಲಿ ಕನ್ನಡಕ್ಕೊಂದು ಫಾಂಟು, ಇಂಗ್ಲಿಷಿಗೊಂದು ಫಾಂಟು ಎಂದು ಬೇರೆ ಬೇರೆಯಾಗಿ ಹೇಳಬೇಕು. ಅದು ಗೊತ್ತಿಲ್ಲದೆ ಮೊದಲ ದಿನ ಒದ್ದಾಡಿದೆ, ಗೊತ್ತಾದ ಮೇಲೆ ತೊಂದರೆಯಿಲ್ಲ. ನಾಲ್ಕನೆಯ ಅಧ್ಯಾಯ, 38 ಪುಟ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತು. ಇಡೀ ಪುಸ್ತಕವನ್ನು ಒಂದೇ ಕಡತದಲ್ಲಿ ಇಟ್ಟಾಗ ಉಸಿರುಗಟ್ಟಿತು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಾನಾಗಿಯೇ ಉಳಿಸಿಕೊಳ್ಳುವ ವ್ಯವಸ್ಥೆ ಅದರಲ್ಲಿದೆ. ನನ್ನ ಯಂತ್ರದಲ್ಲಿ ಆ ಪ್ರತಿ ಹತ್ತನೆಯ ನಿಮಿಷಕ್ಕೆ ತೆರೆ ಕಲ್ಲಾಗುತ್ತಿತ್ತು. ಚಿತ್ರಗಳನ್ನು ಕಡತದೊಳಗೆ ತುಂಬದೆ ಹೊರಗಿಟ್ಟು ಕೊಂಡಿ ಕೊಟ್ಟೆ, ಅಧ್ಯಾಯಗಳನ್ನು ಬೇರೆ ಮಾಡಿ ಮುಖ್ಯ ಕಡತವೊಂದರಲ್ಲಿ ಪೋಣಿಸಿದೆ. ನಾಲ್ಕು ಸೆಕೆಂಡು ಒಂದಕ್ಕಿಂತ ಕಡಿಮೆಗೆ ಇಳಿಯಿತು. ಮೊದಲ ದಿನವೇ ಹೀಗೆ ಮಾಡಿದ್ದರೆ ಮೂರು ವಾರ ಉಳಿಯುತ್ತಿತ್ತು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಕನ್ನಡದ ಪದಗಳು ಉದ್ದ. ‘ಮಾಡಿಸಿಕೊಟ್ಟಿದ್ದನೆಂಬುದಾಗಿ’ ಎಂಬಂಥ ಪದ ಸಾಲಿನ ಕೊನೆಗೆ ಬಂದು ಹಿಡಿಸದಿದ್ದರೆ ಪೂರ್ತಿಯಾಗಿ ಕೆಳಕ್ಕೆ ಇಳಿಯುತ್ತದೆ; ಮೇಲಿನ ಸಾಲಿನ ಪದಗಳ ನಡುವೆ ಬೆರಳು ತೂರಿಸುವಷ್ಟು ಜಾಗ ಬಿಡುತ್ತದೆ. ಎರಡೂ ಅಂಚು ಸಮನಾಗಿರುವ ಕನ್ನಡ ಪುಟ ಚೆನ್ನಾಗಿ ಕಾಣಬೇಕಾದರೆ ಪದ ಒಡೆಯುವ ಏರ್ಪಾಡು ಬೇಕೇ ಬೇಕು. ಅದು ಇಲ್ಲಿ ನನ್ನ ಕೈಗೆ ದಕ್ಕಲಿಲ್ಲ.

ಸ್ಕ್ರೈಬಸ್ ನಿಜವಾದ ಪುಟವಿನ್ಯಾಸದ ತಂತ್ರಾಂಶ. ಇದರ 1.4 ಸರಣಿಯಲ್ಲಿ ಕನ್ನಡ ಒಡೆದು ಕಾಣುತ್ತಿತ್ತು. ಭಾರತೀಯ ಲಿಪಿಗಳನ್ನೂ ಅರಬ್ಬಿಯನ್ನೂ ಜೋಡಿಸುವ ಶಕ್ತಿ ಬಂದದ್ದು 1.5 ಸರಣಿಯಲ್ಲಿ, ಅದೂ ಒಮಾನ್‌ನ ತಂಡವೊಂದು ಅರಬ್ಬಿಗಾಗಿ ದುಡಿದದ್ದರಿಂದ. ಆ ಕೆಲಸದ ಫಲ ಕನ್ನಡಕ್ಕೂ ಸಿಕ್ಕಿತು. ಸ್ಥಿರ ಆವೃತ್ತಿಯಾದ 1.6 ಹೊರಬಂದದ್ದು 2024ರ ಮೊದಲ ದಿನ. ಮುಖಪುಟಕ್ಕೆ ಇದರಷ್ಟು ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕ, ಕತ್ತರಿಸುವ ಅಂಚಿಗೆ ಬಿಡಬೇಕಾದ ಜಾಗ, ಮುದ್ರಣಾಲಯ ಕೇಳುವ ಬಗೆಯ ಪಿಡಿಎಫ್, ಎಲ್ಲವೂ ಅಚ್ಚುಕಟ್ಟು. ಒಳಪುಟಗಳಿಗೆ ಮಾತ್ರ ಬೇಡ. ನೂರಾರು ಪುಟಗಳ ಪಠ್ಯ ಚೌಕಟ್ಟುಗಳನ್ನು ಒಂದಕ್ಕೊಂದು ಪೋಣಿಸಿದಾಗ ನನ್ನ ಲ್ಯಾಪ್‌ಟಾಪ್ ಕೈಚೆಲ್ಲಿತು. ಎರಡು ದಿನ ನೋಡಿ ಬಿಟ್ಟೆ.

ಲೇಟೆಕ್ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ, ಪುಟ ಜೋಡಿಸುವ ಟೆಕ್‌ನ ಮೇಲೆ ಕಟ್ಟಿದ ವ್ಯವಸ್ಥೆ ಇದು. ಯುನಿಕೋಡ್ ಫಾಂಟುಗಳನ್ನು ನೇರವಾಗಿ ಬಳಸುವ ಝೀಟೆಕ್ ಬಂದದ್ದು 2004ರಲ್ಲಿ. ಪೂರ್ತಿ ಸ್ಥಾಪಿಸಲು ಹಲವು ಜಿಬಿ ಜಾಗ ಬೇಕು, ನಮ್ಮೂರಿನ ಇಂಟರ್‌ನೆಟ್ಟಿನಲ್ಲಿ ಇಳಿಸಿಕೊಳ್ಳಲು ಒಂದು ರಾತ್ರಿ ಬೇಕಾಯಿತು. ಇಲ್ಲಿ ಪುಟ ಕಣ್ಣೆದುರು ಕಾಣುವುದಿಲ್ಲ. ಸಾದಾ ಪಠ್ಯ ಕಡತದಲ್ಲಿ ಬರಹವನ್ನೂ ಸೂಚನೆಗಳನ್ನೂ ಬರೆದು, ಆಜ್ಞೆ ಕೊಟ್ಟು, ಪಿಡಿಎಫ್ ಬೇಯುವವರೆಗೆ ಕಾಯಬೇಕು. ಒಂದು ಆವರಣ ಮುಚ್ಚಲು ಮರೆತರೆ ಹತ್ತಾರು ಸಾಲಿನ ದೂರು ಬರುತ್ತದೆ, ತಪ್ಪಿರುವ ಜಾಗವನ್ನು ಬಿಟ್ಟು ಎಲ್ಲೆಲ್ಲೋ ಬೆರಳು ತೋರಿಸುತ್ತದೆ. ಮೊದಲ ಹದಿನೈದು ದಿನ ನನಗೆ ಅಳು ಬರುವಂತಾಗಿತ್ತು.

ಆದರೆ ವೇಗದ ಲೆಕ್ಕದಲ್ಲಿ ಗೆದ್ದದ್ದು ಇದೇ. ಬರಹ ಬೇರೆ, ಪುಟ ಬೇರೆ ಆದ್ದರಿಂದ ಟೈಪು ಮಾಡುವಾಗ ಕಾಯುವ ಪ್ರಶ್ನೆಯೇ ಇಲ್ಲ. ಒಂದೇ ಅಧ್ಯಾಯವನ್ನು ಬೇಯಿಸಲು ಆರು ಸೆಕೆಂಡು, ಇಡೀ ಪುಸ್ತಕಕ್ಕೆ ಮುಕ್ಕಾಲು ನಿಮಿಷ. ಪುಟಸಂಖ್ಯೆಗಳು ಸರಿಹೊಂದಲು ಎರಡು ಮೂರು ಬಾರಿ ಓಡಿಸಬೇಕು. ಪದ ಒಡೆಯುವ ಕನ್ನಡದ ನಿಯಮಗಳು ಅದರೊಳಗೇ ಇವೆ. ಅವನ್ನು ಬರೆದುಕೊಟ್ಟವರು ಕೇರಳದ ಸಂತೋಷ್ ತೋಟ್ಟಿಂಗಲ್. ಮಲಯಾಳಿಯೊಬ್ಬರು ಕನ್ನಡದ ಸಾಲುಗಳಿಗಾಗಿ ಇಷ್ಟು ಶ್ರಮಪಟ್ಟಿದ್ದಾರೆಂದು ತಿಳಿದಾಗ ಮನಸ್ಸು ತುಂಬಿ ಬಂತು. ಮೊದಲ ಬಾರಿಗೆ ಅಪ್ಪನ ಪುಟ ಪುಸ್ತಕದ ಪುಟದಂತೆ ಕಂಡಿತು.

ಪದಸೂಚಿಯಲ್ಲಿ ಮತ್ತೆ ಎಡವಿದೆ. ಲೇಟೆಕ್‌ಗೆ ಪದಸೂಚಿ ಜೋಡಿಸಿಕೊಡುವ ಮೇಕ್‌ಇಂಡೆಕ್ಸ್ ಹಳೆಯ ಸಾಧನ, ಅದಕ್ಕೆ ಕನ್ನಡದ ವರ್ಣಮಾಲೆ ತಿಳಿಯದು. ಯುನಿಕೋಡಿನಲ್ಲಿ ಅಕ್ಷರಗಳಿಗೆ ಕೊಟ್ಟ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಆ ಪಟ್ಟಿಯಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ‘ವ’ಕ್ಕಿಂತ ಮೊದಲು. ಹೀಗಾಗಿ ‘ಕಳಸ’ ಬಂದ ಮೇಲೆ ‘ಕವಲೇದುರ್ಗ’ ಬರುತ್ತಿತ್ತು. ಅಪ್ಪ ಕೆಂಪು ಶಾಯಿಯಲ್ಲಿ ಗುರುತು ಹಾಕಿ ‘ಳಕಾರ ಕೊನೆಗೆ ಬರಬೇಕಲ್ಲವೇನಮ್ಮ’ ಎಂದರು. ಪ್ರತಿ ಪದಕ್ಕೂ ಮರೆಯಲ್ಲಿ ಒಂದು ವಿಂಗಡಣೆಯ ಕೀಲಿ ಕೊಡುವ ಅವಕಾಶ ಮೇಕ್‌ಇಂಡೆಕ್ಸ್‌ನಲ್ಲಿದೆ. ಆ ಕೀಲಿಯಲ್ಲಿ ‘ಳ’ ಇರುವಲ್ಲೆಲ್ಲ ‘ಹ’ದ ನಂತರದ ಸಂಖ್ಯೆಯಿರುವ ಅವಗ್ರಹ ಚಿಹ್ನೆ ‘ಽ’ಯನ್ನು ಇಟ್ಟೆ. ಕಳಸ ತನ್ನ ಜಾಗಕ್ಕೆ ಬಂತು.

ಇನ್ನು ಪುಸ್ತಕದ ಪ್ರಾಣವೇ ಆದ ಹುಡುಕಾಟ. ಝೀಟೆಕ್ ಮೇಲೆ ಓಡುವ ಲೇಟೆಕ್, ಅಂದರೆ ಝೀಲೇಟೆಕ್‌ನಿಂದ ಬಂದ ಪಿಡಿಎಫ್ ತೆರೆದು ‘ಕವಲೇದುರ್ಗ’ ಎಂದು ಹುಡುಕಿದೆ. ಸಿಗಲಿಲ್ಲ. ಮುಖಪುಟದ ನಂತರದ ಪುಟದಲ್ಲೇ ಆ ಹೆಸರು ಕಣ್ಣಿಗೆ ಕಾಣುತ್ತಿದೆ! ನಕಲು ಮಾಡಿ ನೋಡಿದರೆ ‘ಕವಲೇದುಗರ್’. ಅರ್ಕಾವೊತ್ತು ಕಾಗದದ ಮೇಲೆ ‘ಗ’ದ ನಂತರ ಕೂರುತ್ತದೆ, ಪಿಡಿಎಫ್ ಆ ಆಕಾರಗಳನ್ನು ಕಂಡ ಕ್ರಮದಲ್ಲೇ ನೆನಪಿಟ್ಟುಕೊಂಡಿತ್ತು. ಲಿಬ್ರೆಆಫೀಸ್‌ನಿಂದ ತೆಗೆದ ಪಿಡಿಎಫ್‌ನಲ್ಲಿ ಇದೇ ಹೆಸರು ಸರಿಯಾಗಿ ಸಿಕ್ಕಿತ್ತು. ದುರ್ಗ, ಧರ್ಮ, ಕರ್ನಾಟಕ: ಅರ್ಕಾವೊತ್ತು ಇದ್ದಲ್ಲೆಲ್ಲ ಹೀಗಾದರೆ ಯುನಿಕೋಡಿಗೆ ಬಂದು ಏನು ಸಾಧಿಸಿದಂತಾಯಿತು?

ಸಮುದಾಯದ ಸಹಾಯ ಎಂಬುದನ್ನು ನಾನು ಅಳೆದದ್ದು ಇಂಥ ಪ್ರಶ್ನೆಗಳಿಂದ. ಮೂರು ಯೋಜನೆಗಳಿಗೂ ಸೇರಿ ಏಳು ಪ್ರಶ್ನೆ ಕೇಳಿದ್ದೇನೆ. ಯಾವ ಉತ್ತರ ಎಲ್ಲಿಂದ ಬಂತೆಂದು ಬಿಡಿಸಿ ಹೇಳುವುದಿಲ್ಲ. ಉತ್ತರಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವವರು. ಎರಡಕ್ಕೆ ಉತ್ತರವೇ ಬರಲಿಲ್ಲ. ಒಂದಕ್ಕೆ ‘ಹೊಸ ಬಳಕೆದಾರ ಪ್ರೊಫೈಲ್ ಮಾಡಿ ನೋಡಿ’ ಎಂಬ ಒಂದು ಸಾಲು. ಇನ್ನೊಂದಕ್ಕೆ ‘ಮೂಲ ಸಂಕೇತ ತೆರೆದೇ ಇದೆ, ಸರಿಪಡಿಸಿ ಕಳುಹಿಸಿ’ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೋಡ್ ಬರೆಯಲು ಬಾರದವರು ಈ ತಂತ್ರಾಂಶ ಬಳಸುವ ಹಾಗಿಲ್ಲವೇ? ಮುಕ್ತ ತಂತ್ರಾಂಶ ಬಳಸಿ ಎಂದು ನಮಗೆಲ್ಲ ಒತ್ತಾಯ ಮಾಡುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ.

ಅರ್ಕಾವೊತ್ತಿನ ಪ್ರಶ್ನೆಗೆ ಒಬ್ಬರು ಸೌಜನ್ಯದಿಂದಲೇ ಉತ್ತರಿಸಿದರು. ನಾನು ಕಳುಹಿಸಿದ ತೆರೆಚಿತ್ರದಲ್ಲಿ ಎರಡು ಪದಗಳ ನಡುವೆ ಏನು ವ್ಯತ್ಯಾಸ ಎಂದು ಕೇಳಿದರು. ಅದನ್ನು ಓದಿ ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಅವರಿಗೆ ಕನ್ನಡ ಬಾರದು. ‘ದುರ್ಗ’ ಮತ್ತು ‘ದುಗರ್’ ಅವರ ಕಣ್ಣಿಗೆ ಒಂದೇ ಬಗೆಯ ದುಂಡು ಗೆರೆಗಳು. ಲೇಟೆಕ್ ಬಳಗದಲ್ಲಿ ಪ್ರಶ್ನೆಯ ಜೊತೆಗೆ ತೀರಾ ಚಿಕ್ಕ ಮಾದರಿ ಕಡತವೊಂದನ್ನು ಕೇಳುತ್ತಾರೆ; ಮೊದಮೊದಲು ಅದು ಕಿರಿಕಿರಿಯೆನಿಸುತ್ತಿತ್ತು. 416 ಪುಟಗಳನ್ನು ಬದಿಗಿಟ್ಟು ‘ದುರ್ಗ’ ಎಂಬ ಒಂದೇ ಪದವಿರುವ ಒಂಬತ್ತು ಸಾಲಿನ ಕಡತ ಮಾಡಿದೆ. ಪ್ರತಿ ಅಕ್ಷರದ ಯುನಿಕೋಡ್ ಸಂಖ್ಯೆ ಬರೆದು, ಯಾವ ಕ್ರಮ ಬೇಕು, ಯಾವ ಕ್ರಮ ಬರುತ್ತಿದೆ ಎಂದು ಎದುರುಬದುರು ಇಟ್ಟೆ. ಮರುದಿನ ಬೆಳಿಗ್ಗೆ ಉತ್ತರ ಬಂದಿತ್ತು. ನಿಜವಾದ ಪಠ್ಯವನ್ನೂ ಪಿಡಿಎಫ್‌ನೊಳಗೆ ಬರೆದಿಡುವ ಸ್ವಿಚ್ಚೊಂದು ಝೀಟೆಕ್‌ನಲ್ಲಿ 2016ರ ಸುಮಾರಿನಿಂದಲೇ ಇದೆ. ಅದರ ಬೆಲೆಯನ್ನು ‘1’ ಎಂದು ಮಾಡಬೇಕು, ಅಷ್ಟೇ. ಒಂದು ಸಾಲು ಸೇರಿಸಿದೆ. ಕವಲೇದುರ್ಗ 23 ಕಡೆ ಸಿಕ್ಕಿತು.

ಆ ಸಾಲು ಕನ್ನಡದಲ್ಲಿ ಎಲ್ಲಾದರೂ ನನ್ನ ಕಣ್ಣಿಗೆ ಬಿದ್ದಿದ್ದರೆ ಹನ್ನೊಂದು ದಿನ ಉಳಿಯುತ್ತಿದ್ದವು. ತಂತ್ರಾಂಶ ನಿಧಾನವಾದರೆ ಕಡತ ಒಡೆಯಬಹುದು, ಚಿತ್ರ ಕುಗ್ಗಿಸಬಹುದು, ಹೇಗೋ ದಾರಿ ಮಾಡಿಕೊಳ್ಳಬಹುದು. ಪ್ರಶ್ನೆ ಕೇಳಿದ ಜಾಗದಲ್ಲಿ ಕನ್ನಡ ಓದಬಲ್ಲ ಒಬ್ಬರೂ ಇಲ್ಲದಿರುವುದಕ್ಕೆ ನನ್ನೊಬ್ಬಳಿಂದ ದಾರಿಯಿಲ್ಲ. ಕನ್ನಡದಲ್ಲಿ ತಂತ್ರಜ್ಞರಿಗೆ ಬರಗಾಲವೇನೂ ಇಲ್ಲ. ಅವರಲ್ಲಿ ಹತ್ತು ಮಂದಿ ವಾರಕ್ಕೊಂದು ಗಂಟೆ ಇಂಥ ಕಡೆ ಕುಳಿತರೆ ಎಷ್ಟು ಪುಸ್ತಕಗಳು ಬದುಕಬಹುದು ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಯಾರಿಗೆ ಯಾವುದು ಎಂದು ಕೇಳಿದರೆ: ನೂರು ಪುಟದೊಳಗಿನ ಕವನ ಸಂಕಲನ, ಸ್ಮರಣ ಸಂಚಿಕೆಗೆ ಲಿಬ್ರೆಆಫೀಸ್ ಸಾಕು, ಬೇರೆಡೆ ಹೋಗಬೇಡಿ. ಅಡಿಟಿಪ್ಪಣಿ, ಪದಸೂಚಿ ಇರುವ ದೊಡ್ಡ ಪುಸ್ತಕಕ್ಕೆ ಲೇಟೆಕ್. ಒಂದು ತಿಂಗಳು ಕಲಿಕೆಗೆ ಎತ್ತಿಡಿ. ಮುಖಪುಟ, ಕರಪತ್ರಕ್ಕೆ ಸ್ಕ್ರೈಬಸ್. ನಾನು ಕೊನೆಗೆ ಮೂರನ್ನೂ ಬಳಸಿದೆ. ಅಪ್ಪ ಕರಡು ತಿದ್ದಿದ್ದು ಲಿಬ್ರೆಆಫೀಸ್‌ನಲ್ಲಿ, ಏಕೆಂದರೆ ಅವರಿಗೆ ಪುಟ ಕಣ್ಣೆದುರು ಬೇಕು.

ಆ ಒಂದು ಸಾಲಿನ ಪರಿಹಾರವನ್ನು ವಿವರವಾಗಿ ಕನ್ನಡದಲ್ಲಿ ಬರೆದು ಇಟ್ಟಿದ್ದೇನೆ. ಪದಸೂಚಿಯ ಳಕಾರದ ದೋಷವನ್ನೂ ವರದಿ ಮಾಡಿದ್ದೆ. ಅದಿನ್ನೂ ಬಗೆಹರಿದಿಲ್ಲ. ವರ್ಷ ತುಂಬಿದಾಗ ಹೊಸ ಆವೃತ್ತಿಯಲ್ಲೂ ದೋಷ ಇದೆಯೇ ಪರೀಕ್ಷಿಸಿ ಎಂದು ಯಂತ್ರ ಬರೆದ ಸಂದೇಶ ಬಂತು. ಪರೀಕ್ಷಿಸಿದೆ. ‘ಇದೆ’ ಎಂದು ಬರೆದೆ. ಮೊನ್ನೆ ಅದರ ಕೆಳಗೆ ಇನ್ನೊಬ್ಬರು, ಅಚ್ಚಕನ್ನಡದಲ್ಲಿ, ತಮಗೂ ಹೀಗೆಯೇ ಆಗುತ್ತಿದೆ ಎಂದು ಬರೆದಿದ್ದಾರೆ.